ಹಣೆ ಮೇಲಿನ ಲೇಬಲ್ಲು

“ಬೆಳ್ಳಗಿಲ್ದಿರೋರೆಲ್ಲ ನಮ್ ದೇಸ ಬುಟ್ಟು ತೊಲಗಿ ಅಂತ ಬರ್ದವ್ರೆ ಕಣಕ್ಕ. ಅಮೆರಿಕದ ಎಲೆಕ್ಷನ್ಗಂತೆ ಈ ಟೋಪಿ,” ಎಂದು ಚೆಕಿಂಗ್ ಹುಡುಗಿ ದೀಪಿಕ ಟೋಪಿ ಮೇಲಿನ ಇಂಗ್ಲಿಷು ಓದಿ ಹೇಳಿದಾಗ ವನಜಾಳ ಮಿಷನ್ನು ನಿಂತಿತು. ಗೆಜ್ಜಲಗೆರೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ವಾರದಿಂದ ಅವಳು ಹೊಲಿಯುತ್ತಿದ್ದದ್ದು ಈ ಟೋಪಿಗಳನ್ನೇ.

ತೊಲಗು ಅನ್ನುವ ಮಾತು ಅವಳಿಗೆ ಹೊಸದಲ್ಲ. ಊರ ಗುಡಿಯ ಮೆಟ್ಟಿಲ ಮೇಲೆ ಅವ್ವನಿಗೆ ಅಂದಿದ್ದರು. ಅವ್ವ ತಲೆ ತಗ್ಗಿಸಿ ಇಳಿದಿದ್ದಳು.

ಟೋಪಿಯೊಳಗೆ ಹೊಲಿಯಬೇಕಿದ್ದ ‘ಮೇಡ್ ಇನ್ ಇಂಡಿಯಾ’ ಲೇಬಲ್ಲನ್ನು ವನಜಾ ಹೊರಗೆ, ಹಣೆಯ ನಟ್ಟನಡುವೆ, ಆ ಬರಹದ ಕೆಳಗೇ ಇಟ್ಟು, ಕಿತ್ತರೂ ಬರದಂತೆ ಮೂರು ಸಲ ಹೊಲಿದಳು.

“ಕೆಲ್ಸ ಓಯ್ತದೆ ಕಣಕ್ಕ!”

“ಓದ್ರೆ ಓಗ್ಲಿ. ನಮ್ ದೇಸದ ಎಸ್ರ ಅಣೆ ಮೇಲೆ ಒತ್ಕಂಡೇ ತೊಲಗಿ ಅಂತ ಕೂಗ್ಲಿ, ನನ್ಮಕ್ಳು.”

ದೀಪಿಕ ಸೂಪರ್‌ವೈಸರ್ ಕಡೆ ಒಮ್ಮೆ ನೋಡಿದಳು. ಟೋಪಿಗೆ ‘ಪಾಸ್’ ಸ್ಟಿಕ್ಕರ್ ಅಂಟಿಸಿ, ಇಡೀ ಬಂಡಲ್ಲನ್ನೇ ವನಜಾಳ ಮುಂದೆ ತಳ್ಳಿದಳು.

“ಇವುಕ್ಕೂ ಅಂಗೇ ಆಕ್ಬುಡಕ್ಕ.”