ನುಸಿಗುಳಿಗೆಯ ಹಬ್ಬ

ಬೀರುವಿನ ನುಸಿಗುಳಿಗೆ ವಾಸನೆಗೆ ಈಗಲೂ ಶಿಕಾಗೋ ಹತ್ತಿರದ ಆ ನಾರ್ವೇಜಿಯನ್ನರ ಪುಟ್ಟ ಊರು ನೆನಪಾಗುತ್ತದೆ. ಎಪ್ಪತ್ತರ ದಶಕ, ನನಗೆ ಒಂಬತ್ತು ವರ್ಷ. ಅವರ ಮೇ ತಿಂಗಳ ಹಬ್ಬ ನೋಡಲು ಹೊರಟಾಗ, "ಮಾಮ್, ಪ್ಲೀಸ್, ಸೀರೆ ಬೇಡ. ಎವ್ರಿವನ್ ವಿಲ್ ಸ್ಟೇರ್," ಎಂದು ಗೋಗರೆದಿದ್ದೆ.

"ಹಬ್ಬ ಅಂದ್ಮೇಲೆ ಸೀರೇನೇ," ಎಂದ ಅಮ್ಮ, ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದ ತನ್ನ ತಾಯಿಯ ಹಳೇ ಮೈಸೂರು ರೇಷ್ಮೆ ಉಟ್ಟು ಕಾರು ಹತ್ತಿದಳು.

ಅಲ್ಲಿ ನೋಡಿದರೆ ಹೆಂಗಸರೆಲ್ಲ ಕಸೂತಿಯ ಉಣ್ಣೆ ಲಂಗ ತೊಟ್ಟು, ಎದೆಗೆ ಬೆಳ್ಳಿ ಬ್ರೂಚ್ ಸಿಕ್ಕಿಸಿಕೊಂಡು ಮೆರವಣಿಗೆಗೆ ನಿಂತಿದ್ದರು. ಒಬ್ಬ ಮುದುಕಿ ಅಮ್ಮನ ಸೆರಗು ಮುಟ್ಟಿ, "ಯುವರ್ ಮದರ್ಸ್?" ಎಂದಳು. ಅಮ್ಮ ಹೌದೆಂದು ತಲೆಯಾಡಿಸಿದಳು.

"ಮೈನ್ ಟೂ," ಎಂದು ತನ್ನ ಲಂಗ ತೋರಿಸಿ, ಅಮ್ಮನನ್ನು ಸಾಲಿಗೆ ಎಳೆದುಕೊಂಡಳು. ಆ ಲಂಗಕ್ಕೂ ಅದೇ ನುಸಿಗುಳಿಗೆ ವಾಸನೆ.

"ಬರ್ತೀಯೇನೇ, ಇಲ್ಲೇ ನಿಂತಿರ್ತೀಯೋ?" ಅಮ್ಮ ತಿರುಗಿ ಕೇಳಿದಳು.

ಜೀನ್ಸ್ ತೊಟ್ಟಿದ್ದ ನಾನು ಮೆರವಣಿಗೆ ಮುಗಿಯುವವರೆಗೂ ಅವಳ ಸೆರಗು ಬಿಡಲಿಲ್ಲ.