ಇಲ್ಲದ ಮಹಡಿ

"ಬೇಡ ಅತ್ತೆ, ಬಿಟ್ಟುಬಿಡೋಣ," ಅಳಿಯ ಮೆಟ್ಟಿಲ ಮೇಲೇ ನಿಂತು ಮೂರನೇ ಸಲ ಹೇಳಿದ.

"ಬಿಡೋಕೆ ಅದೇನು ಉಳಿದ ಚೂರು ಬಟ್ಟೆನಾ? ನನ್ನ ಮನೆ ಕಣ್ರೀ ಅಳಿಯಂದ್ರೇ!" ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದಡದಡ ಹತ್ತಿಯೇಬಿಟ್ಟಳು.

ಅತ್ತೆ ಟೈಲರ್. ವರ್ಷದ ಹಿಂದೆ ಬೀದಿಯಡಿಯ ನೀರಿನ ಪೈಪ್ ಒಡೆದು, ನೆಲವೆಲ್ಲ ಕೊಚ್ಚಿಹೋಗಿ, ಅವಳ ಮನೆಯ ಹಿಂಗೋಡೆ ಹೊಲಿಗೆ ಮೆಷಿನ್ ಮೇಲೇ ಕುಸಿದಿತ್ತು. ಇಪ್ಪತ್ತು ವರ್ಷ ತಪ್ಪದೆ ಕಂತು ಕಟ್ಟಿಸಿಕೊಂಡ ವಿಮೆ ಕಂಪನಿ ಒಂದೇ ಸಾಲಿನ ಪತ್ರ ಬರೆದು ಕೈ ತೊಳೆದುಕೊಂಡಿತು: ಹಳೆಯ ಸವಕಳಿ, ಪರಿಹಾರ ಇಲ್ಲ. ಅಂದಿನಿಂದ ಗೋಡೆಯಿದ್ದ ಜಾಗದಲ್ಲಿ ನೀಲಿ ಟಾರ್ಪಾಲು. ಗಾಳಿ ಬಂದರೆ ಮನೆಯೇ ಉಸಿರಾಡಿದ ಹಾಗೆ ಉಬ್ಬುತ್ತದೆ, ಇಳಿಯುತ್ತದೆ. ಈ ತಿಂಗಳೊಳಗೆ ಗೋಡೆ ಏಳದಿದ್ದರೆ ಉಳಿದದ್ದನ್ನೂ ಕೆಡವುತ್ತೇವೆ ಎಂದು ಊರಾಡಳಿತದವರು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು.

ವಕೀಲೆಯನ್ನು ಹುಡುಕಿದವಳೂ ಅತ್ತೆಯೇ. ಕರಿ ಕೋಟಿನ ತೋಳು ಬಿಚ್ಚಿಕೊಂಡಿತೆಂದು ಅಂಗಡಿಗೆ ಬಂದವಳನ್ನು, ತೋಳು ಹೊಲಿದು ಮುಗಿಯುವುದರೊಳಗೆ, ತನ್ನ ಕೇಸಿಗೆ ಒಪ್ಪಿಸಿದ್ದಳು.

ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಮೂರು ಕುರ್ಚಿ, ಅದರಲ್ಲೊಂದು ಕುಂಟು. ಅಳಿಯ ಕುಂಟು ಕುರ್ಚಿಯನ್ನೇ ಆರಿಸಿಕೊಂಡು ತುದಿಯಲ್ಲಿ ಕೂತ.

"ಎಂಟು ತಿಂಗಳು ಫೈಲು ನಿಮ್ಮ ಹತ್ರಾನೇ ಇತ್ತಂತೆ?" ವಕೀಲೆ ಅವನತ್ತ ನೋಡದೆಯೇ ಕೇಳಿದಳು.

"ಇತ್ತು."

"ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ."

"ಶಭಾಷ್! ಮೇಲ್ಮನವಿಗೆ ಇವತ್ತೇ ಕೊನೇ ದಿನ ಸ್ವಾಮಿ. ಐದು ಗಂಟೆಗೆ ಬಾಗಿಲು ಹಾಕ್ತಾರೆ. ಫೈಲಿಗೆ ಕಾವು ಕೊಟ್ರೆ ಮರಿಯಾಗುತ್ತೆ ಅಂದ್ಕೊಂಡಿದ್ರಾ?"

ಅಳಿಯನ ಕಿವಿ ಕೆಂಪಾಯಿತು. ಮದುವೆಯಾದ ಹೊಸದರಲ್ಲಿ 'ನಾನು ನೋಡ್ಕೋತೀನಿ ಕೊಡಿ' ಎಂದು ಫೈಲು ಕೇಳಿ ಪಡೆದವನು ಅವನೇ. ಒಯ್ದು ಬಟ್ಟೆಯ ಬೀರುವಿನಲ್ಲಿ, ಚಳಿಗಾಲದ ಸ್ವೆಟರುಗಳ ಅಡಿಗೆ ತಳ್ಳಿದ್ದ. ಪ್ರತಿ ಭಾನುವಾರ ಅತ್ತೆ 'ಏನಾಯ್ತು?' ಅನ್ನುತ್ತಿದ್ದಳು. ಪ್ರತಿ ಭಾನುವಾರ 'ಆಗ್ತಾ ಇದೆ' ಅನ್ನುತ್ತಿದ್ದ.

"ಬೈಬೇಡಿ ವಕೀಲಮ್ಮ, ಪಾಪ," ಅತ್ತೆ ಅಡ್ಡ ಬಂದಳು. "ನಮ್ಮ ಅಳಿಯಂದ್ರು ಇಂಜಿನಿಯರು. ದಿನಾ ಹತ್ತು ಕಟ್ಟಡ ನೋಡಬೇಕು, ಪುರುಸೊತ್ತೇ ಇರಲ್ಲ. ಗೋಡೆ ವಿಷ್ಯ ಅವರಿಗೇ ಚೆನ್ನಾಗಿ ಗೊತ್ತು, ಅದಕ್ಕೇ ಕರ್ಕೊಂಡು ಬಂದೆ."

ಆ ಹೊಗಳಿಕೆಗಿಂತ ವಕೀಲೆಯ ಬೈಗುಳವೇ ಅವನಿಗೆ ಹಿತವಾಗಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಹೋಗುತ್ತಿದ್ದ.

"ಕಂಪನಿಯೋರು ಇದನ್ನ ಕಳಿಸೋಕೆ ಎಷ್ಟು ಸತಾಯಿಸಿದ್ರು ಗೊತ್ತಾ?" ವಕೀಲೆ ಒಂದು ಹಾಳೆ ಎತ್ತಿದಳು. "ನಷ್ಟ ಅಳೆಯೋಕೆ ಕಂಪನಿ ಕಳಿಸೋ ಸರ್ವೇಯರ್ ವರದಿ. ಇವತ್ತು ಬೆಳಿಗ್ಗೆ ಕೈಗೆ ಬಂತು. ಕೇಳಿ. 'ಮಹಡಿಯ ಬಚ್ಚಲಿನಿಂದ ವರ್ಷಗಟ್ಟಲೆ ನೀರು ಸೋರಿ ಹಿಂಗೋಡೆ ಶಿಥಿಲವಾಗಿದೆ.' ಅಮ್ಮ, ನಿಮ್ಮ ಮನೆಗೆ ಎಷ್ಟು ಮಹಡಿ?"

"ಮಹಡಿನಾ?" ಅತ್ತೆ ಕಣ್ಣು ಬಿಟ್ಟಳು. "ತಲೆ ಮೇಲೆ ಸೂರು ಇರೋದೇ ದೊಡ್ಡದು ತಾಯಿ!"

ವಕೀಲೆ ಟೇಬಲ್ ಬಡಿದು ನಕ್ಕಳು. ಅತ್ತೆಯೂ ನಕ್ಕಳು. ಅಳಿಯ ನಗಲು ನೋಡಿದ, ಬಾಯಿ ತೆರೆಯಲಿಲ್ಲ.

"ಇವರ ಕೆಲಸಾನೇ ಹೀಗೆ. ಕೂತಲ್ಲೇ ಹಳೇ ವರದಿ ತೆಗೀತಾರೆ, ವಿಳಾಸ ಬದಲಾಯಿಸ್ತಾರೆ, ಕಳಿಸ್ತಾರೆ. ಇನ್ಯಾರದೋ ಮಹಡಿ ಬಂದು ನಿಮ್ಮ ತಲೆ ಮೇಲೆ ಕೂತಿದೆ."

"ಹಾಗಾದ್ರೆ ಗೆದ್ದ ಹಾಗೇ ಅಲ್ವಾ?"

"ಎಲ್ಲಿ ಬಂತು! 'ಟೈಪಿಂಗ್ ತಪ್ಪು, ಸೋರಿದ್ದು ನಿಜ' ಅಂತಾರೆ. ಆ ಮನುಷ್ಯ ಮನೆಗೆ ಬಂದೇ ಇಲ್ಲ ಅಂತ ಸಾಬೀತಾಗಬೇಕು."

"ಯಾರೂ ಬಂದಿಲ್ಲ. ನಾನೇ ಹೇಳ್ತೀನಲ್ಲ!"

"ನೀವು ಅಂಗಡಿಗೆ ಹೋಗಿದ್ದಾಗ ಬಂದಿದ್ದ ಅಂತಾರೆ. ಕೆಳಗೆ ಹೆಸರೂ ಇಲ್ಲ, ಬರೀ ಲೈಸೆನ್ಸ್ ನಂಬರು. ಹುಡುಕಿದ್ರೆ ಸಿಕ್ತಾನೆ. ಸಿಕ್ಕಿ ಏನು ಬಂತು? ತಾನೇ ಬಾಯಿಬಿಟ್ಟು ಒಪ್ಪಿಕೋಬೇಕು. ಒಪ್ಪಿಕೊಂಡ್ರೆ ಲೈಸೆನ್ಸ್ ಹೋಗುತ್ತೆ, ಅನ್ನಕ್ಕೆ ಕಲ್ಲು. ಯಾವ ಹುಚ್ಚ ಬರ್ತಾನೆ ಹೇಳಿ?"

ಅತ್ತೆ ಸೂಜಿ ಚುಚ್ಚಿ ಚುಚ್ಚಿ ದಪ್ಪಗಟ್ಟಿದ ಬೆರಳನ್ನು ಇನ್ನೊಂದು ಬೆರಳಿನಿಂದ ತಿಕ್ಕಿದಳು.

"ಹೋಗ್ಲಿ ಬಿಡಿ. ಅವನಿಗೂ ಹೆಂಡತಿ ಇರ್ತಾಳೆ. ಗಂಡ ದೊಡ್ಡ ಕೆಲಸ ಮಾಡ್ತಾನೆ ಅಂತ ನಂಬಿಕೊಂಡಿರ್ತಾಳೆ, ಪಾಪದ ಹುಡುಗಿ. ಅವಳ ಮುಖ ನೋಡಿ ನಾನೇನೂ ಶಾಪ ಹಾಕಲ್ಲ. ಏಳಿ ಅಳಿಯಂದ್ರೇ, ನೀವು ಹೇಳಿದ್ದೇ ಸರಿ."

ಅಳಿಯ ಎದ್ದ. ಆದರೆ ಬಾಗಿಲ ಕಡೆ ತಿರುಗಲಿಲ್ಲ. ಗಡಿಯಾರದಲ್ಲಿ ಮೂರೂವರೆ. ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ. ವಕೀಲೆಯ ಪೆನ್ನಿನ ತುದಿಯನ್ನೇ ನೋಡುತ್ತ ನಿಂತ.

"ಬರ್ಕೊಳ್ಳಿ ಮೇಡಂ," ಅಂದ. "ನಾನು ಆ ಮನೆಯನ್ನ ಮೊದಲ ಸಲ ನೋಡಿದ್ದೇ ಮದುವೆ ಮಾತಿಗೆ ಹೋದ ದಿನ. ನಾನು ಈ ವರದಿ ಬರೆದು ಕಳಿಸಿ ಅಷ್ಟೊತ್ತಿಗಾಗಲೇ ಎರಡು ತಿಂಗಳಾಗಿತ್ತು."