ಗೋಡೆಯ ಮೇಲಿನ ಸಾಕಮ್ಮ

ಬೀದಿಯ ಹಳೇ ಹೆಂಚಿನ ಮನೆಗಳೆಲ್ಲ ಒಂದೊಂದಾಗಿ ಕೆಫೆಗಳಾದ ಮೇಲೆ ನಿರಂಜನನೂ ಒಂದು ತೆರೆದ. ಅದರ ಹೊರಗೋಡೆಯ ಬುಡದಲ್ಲಿ ಇಪ್ಪತ್ತು ವರ್ಷದಿಂದ ಹೂವು ಮಾರುತ್ತಿದ್ದ ಸಾಕಮ್ಮನ ಚಿತ್ರವನ್ನೇ ಆ ಗೋಡೆಗೆ ಎರಡಾಳೆತ್ತರ ಬರೆಸಿದ. ಚಿತ್ರಕಾರ ಕಣ್ಣು ದೊಡ್ಡದು ಮಾಡಿ, ತಲೆಯ ಸುತ್ತ ಚಿನ್ನದ ಬಣ್ಣದ ಪ್ರಭಾವಳಿಯೊಂದನ್ನು ಬೇರೆ ಎಳೆದಿದ್ದ. ಫೋಟೊ ತೆಗೆಸಿಕೊಳ್ಳಲು ಜನ ಮುಗಿಬಿದ್ದರು. ಆದರೆ ಪ್ರತಿ ಫೋಟೊಗೂ ಸಾಕಮ್ಮನ ಬುಟ್ಟಿ, ಹರಕಲು ಕೊಡೆ ಅಡ್ಡ ಬರುತ್ತಿದ್ದವು.

"ಅಮ್ಮಾ, ಸೋಮವಾರದಿಂದ ಬೇರೆ ಕಡೆ ಕೂತ್ಕೊಳ್ಳಿ," ಎಂದ ನಿರಂಜನ.

"ಯಾಕೆ ಸಾಮಿ?"

"ಮೇಲೆ ಇದ್ದೀರಲ್ಲ, ಕೆಳಗೂ ಯಾಕೆ?"

ಸಾಕಮ್ಮ ತಲೆಯೆತ್ತಿ ಚಿತ್ರ ನೋಡಿದಳು. "ಅದೂ ಸರಿಯೇ," ಎಂದಳು.

ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಗೋಡೆಯ ಮುಂದೆ ಜನ. ಚಿತ್ರದ ಪಾದಗಳಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿತ್ತು. ಎದುರಿಗೆ ರಂಗೋಲಿ, ನಿಂಬೆಹಣ್ಣಿನ ದೀಪ. ಆಫೀಸಿಗೆ ಹೊರಟಿದ್ದವರೊಬ್ಬರು ಹೆಲ್ಮೆಟ್ ತೆಗೆದು ಕೈಮುಗಿದರು. ಇನ್ನೊಬ್ಬರು ಕಾಯಿ ಒಡೆದರು. ಯಾವ ಅಮ್ಮ ಎಂದು ಯಾರೂ ಕೇಳಲಿಲ್ಲ.

"ರೀ, ಇದು ಬರೀ ಪೇಂಟಿಂಗು!" ಎಂದ ನಿರಂಜನ.

"ಮೊದಲು ಶೂ ಬಿಚ್ಚಿ ಮಾತಾಡ್ರೀ," ಎಂದು ಹಿಂದಿನಿಂದ ಯಾರೋ ಗದರಿದರು.

ಅವನು ಬಿಚ್ಚಿದ.

ಬುಟ್ಟಿಯ ಹಿಂದೆ ಎಂದಿನಂತೆ ಕೂತಿದ್ದ ಸಾಕಮ್ಮ, ಅರಿಶಿನ ಮೆತ್ತಿದ ಕೈಯಲ್ಲೇ ಒಂದು ಮೊಳ ಸೇವಂತಿಗೆ ಅಳೆದು ಅವನತ್ತ ಚಾಚಿದಳು.

"ಮೇಲೆ ಅಮ್ಮ ಇದ್ದಾಳಲ್ಲ ಸಾಮಿ, ಕೆಳಗೆ ಹೂವು ಮಾರೋರು ಬೇಡ್ವಾ?"